ಮೈಕು ಹಿಂದಿನ ಸಾಲಿಗೆ



‘ದಾರಿತಪ್ಪಿದ ಹದಿಹರೆಯ ಮತ್ತು ಸಿನಿಮಾ’ ಎಂದು ಇಂದಿನ ಗೋಷ್ಠಿಗಳ ಆಹ್ವಾನಪತ್ರಿಕೆಯಲ್ಲಿ ಅಚ್ಚಾಗಿದೆ. ಓದುವಾಗ ‘ದಾರಿತಪ್ಪಿದ’ ಎನ್ನುವಲ್ಲೇ ನಿಂತುಬಿಟ್ಟೆ. ದಾರಿ ಹಾಕಿದವರು ಯಾರು ಎಂದು ಕೇಳದೆಯೇ ಈ ಮಾತು ಆಡುವುದು ನಮಗೆ ರೂಢಿಯಾಗಿದೆ. ವರ್ಷಾನುಗಟ್ಟಲೆ ಪಿಯು ಕಾಲೇಜಿನಲ್ಲಿ ಪಾಠ ಮಾಡಿದ ನಾನೂ ಆಡಿದ್ದೇನೆ.

ಈ ವಿಷಯವನ್ನು 1955ರ ‘ರೆಬೆಲ್ ವಿದೌಟ್ ಎ ಕಾಸ್’ನಿಂದ ಆರಂಭಿಸುವುದು ವಾಡಿಕೆ. ನಿಕೊಲಸ್ ರೇ ನಿರ್ದೇಶನದ ಈ ಚಿತ್ರ ತೆರೆಗೆ ಬರುವಾಗ ನಾಯಕ ಜೇಮ್ಸ್ ಡೀನ್ ಕಾರು ಅಪಘಾತದಲ್ಲಿ ತೀರಿಕೊಂಡು ತಿಂಗಳಾಗುತ್ತ ಬಂದಿತ್ತು. ಆ ಸಾವಿನ ಪ್ರಭೆಯಲ್ಲಿ ಚಿತ್ರದ ತರ್ಕವನ್ನು ನಾವು ಕೆದಕುವುದು ಕಡಿಮೆ. ಹುಡುಗ ಯಾಕೆ ಕೆಟ್ಟ? ಅಪ್ಪ ಹೆಂಡತಿಗೆ ಹೆದರುತ್ತಾನೆ, ಏಪ್ರನ್ ಕಟ್ಟಿಕೊಂಡು ಅವಳಿಗೆ ಊಟದ ಟ್ರೇ ಒಯ್ಯುತ್ತಾನೆ, ಅದಕ್ಕೆ! ಗಂಡಸು ಅಡುಗೆಮನೆ ಹೊಕ್ಕರೆ ಮಗ ಹಾಳಾದಾನು ಎಂಬ ಅಂದಿನ ಅಮೆರಿಕದ ಅಂಜಿಕೆ ಅಲ್ಲಿ ಮನಶ್ಶಾಸ್ತ್ರದ ವೇಷ ತೊಟ್ಟಿದೆ. ಅಂದಹಾಗೆ, ಹೈಸ್ಕೂಲು ಹುಡುಗನಾಗಿ ನಟಿಸಿದ ಡೀನ್‌ಗೆ ಆಗ 24 ವರ್ಷ. ನಲವತ್ತರ ನಾಯಕರು ನೋಟ್‌ಬುಕ್ ಹಿಡಿದು ಕಾಲೇಜಿಗೆ ಹೋಗುವುದನ್ನು ಸಹಿಸಿಕೊಂಡ ನಮಗೆ ಅದೇನು ದೊಡ್ಡದಲ್ಲ ಬಿಡಿ.

ಆದರೆ ನಾನು ನಿಮ್ಮ ಗಮನ ಬೇಡುವುದು ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ತ್ರುಫೊನ 1959ರ ಮೊದಲ ಕಥಾಚಿತ್ರಕ್ಕೆ. ಅದರ ಫ್ರೆಂಚ್ ಹೆಸರು ಒಂದು ನುಡಿಗಟ್ಟು. ಮಾಡಬಾರದ್ದನ್ನೆಲ್ಲ ಮಾಡಿ ಮೆರೆಯುವುದು ಎಂದರ್ಥ. ಇಂಗ್ಲಿಷಿಗೆ ಹೋದಾಗ ಅದು ‘ನಾನೂರು ಏಟುಗಳು’ ಎಂದಾಯಿತು. ಹುಡುಗ ಮಾಡಿದ ಪುಂಡಾಟ ಹುಡುಗ ತಿಂದ ಪೆಟ್ಟಾಗಿಬಿಟ್ಟಿತು. ತಪ್ಪು ಅನುವಾದವೇ, ಆದರೆ ಚಿತ್ರ ನೋಡಿದವರಿಗೆ ಸುಳ್ಳು ಎನಿಸುವುದಿಲ್ಲ.

ಹುಡುಗನ ಹೆಸರು ಆಂತ್ವಾನ್. ಶಾಲೆ ತಪ್ಪಿಸಿದ್ದಕ್ಕೆ ಕಾರಣ ಕೇಳಿದರೆ ಅಮ್ಮ ಸತ್ತಳು ಎನ್ನುತ್ತಾನೆ. ಮಲತಂದೆಯ ಆಫೀಸಿನ ಟೈಪ್‌ರೈಟರ್ ಕದಿಯುತ್ತಾನೆ. ಕದಿಯುವಾಗ ಸಿಕ್ಕಿಬೀಳುವುದಿಲ್ಲ, ವಾಪಸ್ ಇಡಲು ಹೋದಾಗ ಸಿಕ್ಕಿಬೀಳುತ್ತಾನೆ. ಮಲತಂದೆಯೇ ಅವನನ್ನು ಪೊಲೀಸ್ ಠಾಣೆಗೆ ಎಳೆದೊಯ್ಯುತ್ತಾನೆ. ಬಾಲಾಪರಾಧಿಗಳ ಕೇಂದ್ರದಲ್ಲಿ ಮನಶ್ಶಾಸ್ತ್ರಜ್ಞೆ ಪ್ರಶ್ನೆ ಕೇಳುವ ದೃಶ್ಯವೊಂದಿದೆ. ಆಕೆ ಚೌಕಟ್ಟಿನೊಳಗೆ ಬರುವುದೇ ಇಲ್ಲ. ಕೇಳುವುದು ದನಿ ಮಾತ್ರ. ಕ್ಯಾಮೆರಾ ಹುಡುಗನ ಮುಖ ಬಿಟ್ಟು ಕದಲುವುದಿಲ್ಲ. ಉತ್ತರಗಳನ್ನು ತ್ರುಫೊ ಬರೆದುಕೊಟ್ಟಿರಲಿಲ್ಲ. ಆಂತ್ವಾನ್ ಪಾತ್ರದ 14ರ ನಟ ಲೆಯೊ ತನಗೆ ತೋಚಿದಂತೆ, ಬೆರಳಾಡಿಸುತ್ತ, ನಡುವೆ ನಗುತ್ತ ಮಾತಾಡಿದ. ತ್ರುಫೊ ಸ್ವತಃ ಹುಡುಗನಾಗಿದ್ದಾಗ ಅಂಥ ಕೇಂದ್ರದಲ್ಲಿದ್ದವನು; ಅವನ ಕೈಹಿಡಿದದ್ದು ವಿಮರ್ಶಕ ಆಂದ್ರೆ ಬಾಜಾನ್. ಚಿತ್ರ ಬಾಜಾನ್‌ಗೇ ಅರ್ಪಿತವಾಗಿದೆ.

ಹದಿಹರೆಯದ ಚಿತ್ರಗಳಿಗೆ ನಾನು ಇಡುವ ಪರೀಕ್ಷೆ ಈ ದೃಶ್ಯದ್ದೇ: ವಿಚಾರಣೆ ನಡೆಯುವಾಗ ಕ್ಯಾಮೆರಾ ಯಾರ ಕಡೆ ತಿರುಗಿದೆ?

ಪೃಥ್ವಿ ಕೊಣನೂರರ ‘ಹದಿನೇಳೆಂಟು’ (2022) ಈ ಪ್ರಶ್ನೆಯನ್ನು ತಿರುವಿಹಾಕುತ್ತದೆ. ಪಿಯು ಓದುವ ದೀಪಾ ಮತ್ತು ಹರಿಯ ಖಾಸಗಿ ವಿಡಿಯೊ ಅಂತರ್ಜಾಲ ಸೇರುತ್ತದೆ. ಅಲ್ಲಿಂದ ಮುಂದೆ ಮಾತೆಲ್ಲ ಹಿರಿಯರದು: ಪ್ರಾಂಶುಪಾಲರು, ಆಡಳಿತದವರು, ಪೋಷಕರು, ವಕೀಲರು. ಇಬ್ಬರೂ ಮಾಡಿದ್ದು ಒಂದೇ. ಆದರೆ ತೂಗುವ ತಕ್ಕಡಿಗೆ ಜಾತಿಯೂ ಬಂದು ಕೂರುತ್ತದೆ. ಮಕ್ಕಳ ಮಾತು ಇಲ್ಲಿ ಕಡಿಮೆ. ಅದು ಚಿತ್ರದ ಕೊರತೆ ಎಂದವರಿದ್ದರೆ ನನಗೆ ಒಪ್ಪಿಗೆಯಿಲ್ಲ. ಆ ಕೋಣೆಗಳಲ್ಲಿ ನಡೆಯುವುದೇ ಹಾಗೆ. ಗೋವಾ ಚಿತ್ರೋತ್ಸವದ ಇಂಡಿಯನ್ ಪನೋರಮಾ ವಿಭಾಗ ಆ ವರ್ಷ ತೆರೆದುಕೊಂಡದ್ದು ಈ ಕನ್ನಡ ಚಿತ್ರದಿಂದ. ನಮ್ಮ ಎಷ್ಟು ಕಾಲೇಜುಗಳು ಇದನ್ನು ತೋರಿಸಿದವು ಎಂದು ನೀವೇ ಲೆಕ್ಕ ಹಾಕಿ.

ಮರಾಠಿಯ ‘ಫ್ಯಾಂಡ್ರಿ’ಯಲ್ಲಿ (2013) ನಾಗರಾಜ ಮಂಜುಳೆ ಇನ್ನೂ ಒಂದು ಹೆಜ್ಜೆ ಮುಂದಿಟ್ಟರು. ಹಂದಿ ಹಿಡಿಯುವ ಮನೆಯ ಹುಡುಗ ಜಬ್ಯಾ ಕೊನೆಗೆ ಎಸೆದ ಕಲ್ಲು ನೇರ ಕ್ಯಾಮೆರಾಕ್ಕೇ ಬರುತ್ತದೆ. ಆಂತ್ವಾನ್ ಕಡೆಯ ದೃಶ್ಯದಲ್ಲಿ ಕಡಲ ದಂಡೆಯಿಂದ ತಿರುಗಿ ನಮ್ಮನ್ನು ನೋಡಿದ್ದನಷ್ಟೆ.

ಆ ಪರೀಕ್ಷೆಯನ್ನು ನನಗೂ ಇಟ್ಟುಕೊಳ್ಳುತ್ತೇನೆ. ಒಮ್ಮೆ ತರಗತಿಯಲ್ಲಿ ಮೊಬೈಲು ಸಿಕ್ಕಿತೆಂದು ಹುಡುಗನೊಬ್ಬನ ತಂದೆಯನ್ನು ಕರೆಸಿದ್ದೆ. ನಾವಿಬ್ಬರೂ ಅರ್ಧ ಗಂಟೆ ಅವನ ಭವಿಷ್ಯದ ಬಗ್ಗೆ ಮಾತಾಡಿದೆವು. ಅವನು ಬಾಗಿಲ ಬಳಿ ನಿಂತಿದ್ದ. ತಂದೆಯ ಮುಖ, ಅವರು ಮಡಚಿ ಹಿಡಿದಿದ್ದ ಕೊಡೆ ಇವತ್ತಿಗೂ ನೆನಪಿದೆ. ಹುಡುಗನ ಮುಖ ನೆನಪಿಗೆ ಬರುತ್ತಿಲ್ಲ. ಆ ಕೋಣೆಯನ್ನು ತ್ರುಫೊ ಚಿತ್ರಿಸಿದ್ದರೆ ನಾನು ಬರೀ ದನಿಯಾಗಿರುತ್ತಿದ್ದೆ.

ಇಂದಿನ ಗೋಷ್ಠಿಗಳಲ್ಲಿ ಪ್ರಬಂಧ ಮಂಡಿಸುವವರೆಲ್ಲ ನನ್ನ ಹಾಗೆ ಹದಿಹರೆಯವನ್ನು ಎಂದೋ ದಾಟಿ ಬಂದವರು. ಹಿಂದಿನ ಸಾಲುಗಳಲ್ಲಿ ಕೂತಿರುವ ಹದಿನೇಳರವರನ್ನು ಕುರ್ಚಿ ತುಂಬಲು ಕರೆತಂದ ಹಾಗಿದೆ. ಪ್ರಶ್ನೋತ್ತರದ ಮೊದಲ ಸರದಿ ಅವರಿಗೆ ಕೊಡಿ ಎಂದು ಗೋಷ್ಠಿಗಳ ಅಧ್ಯಕ್ಷರಲ್ಲಿ ನನ್ನ ವಿನಂತಿ. ಮೈಕಿನ ವೈರು ಹಿಂದಿನ ಸಾಲಿನವರೆಗೆ ಎಟಕುತ್ತದೆಯೇ ಎಂದು ಸಂಘಟಕರು ಈಗಲೇ ಒಮ್ಮೆ ನೋಡಿಬಿಡಿ.