ಒಂದು ಅಕ್ಷರದ ಪಲ್ಲಟ: ಆರ್ಯವೈಶ್ಯರ ಕಿಣ್ವದ ಕೊರತೆ ಮತ್ತು ಸೋದರಿಕೆಯ ವಾದ



ಈ ಉಪನ್ಯಾಸ ನಡೆಯುವುದು ನಮ್ಮ ಮೇಷ್ಟ್ರ ಹೆಸರಿನಲ್ಲಿ. ಬಸವನಗುಡಿಯ ಹೈಸ್ಕೂಲಿನಲ್ಲಿ ಜೀವಶಾಸ್ತ್ರವನ್ನು ಕನ್ನಡದಲ್ಲೇ ಕಲಿಸಿ, ಲೆಕ್ಕ ಹಾಕದೆ ಯಾವ ಮಾತನ್ನೂ ಒಪ್ಪಬೇಡಿ ಎಂದು ನಮಗೆ ಹೇಳಿಕೊಟ್ಟವರು ಅವರು.

ಡಿಎನ್‌ಎಯ ಬರಹ ಆರ್‌ಎನ್‌ಎಗೆ ನಕಲಾಗುತ್ತದೆ. ರೈಬೋಸೋಮು ಅದನ್ನು ಮೂರು ಮೂರು ಅಕ್ಷರಗಳಂತೆ ಓದಿ ಅಮೈನೋ ಆಮ್ಲಗಳನ್ನು ಪೋಣಿಸುತ್ತದೆ. ಆ ಸರ ಮಡಚಿಕೊಂಡು ಪ್ರೋಟೀನಾಗುತ್ತದೆ. ಇದೆಲ್ಲ ಪಿಯುಸಿ ಪುಸ್ತಕದಲ್ಲೇ ಇದೆ, ಇಲ್ಲಿ ಬೆಳೆಸುವುದಿಲ್ಲ. ಡಿಎನ್‌ಎ ನಕಲಾಗುವಾಗ ತಪ್ಪುಗಳು ನುಸುಳುತ್ತವೆ. ತಿದ್ದುವ ಕಿಣ್ವಗಳು ಬಹುಪಾಲನ್ನು ಸರಿಪಡಿಸಿದರೂ, ತಂದೆತಾಯಿಯರಲ್ಲಿ ಇಲ್ಲದ ಸುಮಾರು 60-70 ಹೊಸ ಬದಲಾವಣೆಗಳನ್ನು ಹೊತ್ತೇ ಪ್ರತಿ ಮಗುವೂ ಹುಟ್ಟುತ್ತದೆ. ಹೆಚ್ಚಿನವು ತಂದೆಯ ಕಡೆಯಿಂದ ಬಂದವು. ಅವುಗಳಲ್ಲಿ ಬಹಳಷ್ಟರಿಂದ ಯಾವ ತೊಂದರೆಯೂ ಇಲ್ಲ. ನಾನು ಹೇಳಹೊರಟಿರುವುದು ತೊಂದರೆ ಕೊಡುವ ಅಂಥದೊಂದು ಬದಲಾವಣೆಯ ಬಗ್ಗೆ.

ನಮ್ಮ ಚಾಮರಾಜಪೇಟೆ, ವಿಶ್ವೇಶ್ವರಪುರದ ಕಡೆಯ ಆಸ್ಪತ್ರೆಗಳಲ್ಲಿ ಆಪರೇಷನ್ನಿಗೆ ಮುಂಚೆ ಅರಿವಳಿಕೆ ವೈದ್ಯರು "ನೀವು ವೈಶ್ಯರೇ?" ಎಂದು ಕೇಳುವುದುಂಟು. ಕೇಳಿಸಿಕೊಂಡವರಿಗೆ ಇರಿಸುಮುರಿಸಾಗುತ್ತದೆ. ಆದರೆ ಆ ಪ್ರಶ್ನೆಗೆ ಗಟ್ಟಿಯಾದ ಕಾರಣವಿದೆ. ಗಂಟಲಿಗೆ ಉಸಿರುನಳಿಗೆ ಇಳಿಸುವಾಗ ಸ್ನಾಯುಗಳನ್ನು ಸಡಿಲಿಸಲು ಸಕ್ಸಿನೈಲ್‌ಕೋಲಿನ್ ಎಂಬ ಔಷಧ ಕೊಡುತ್ತಾರೆ. ರಕ್ತದಲ್ಲಿರುವ ಬ್ಯುಟಿರೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ ಅದನ್ನು ಕೆಲವೇ ನಿಮಿಷಗಳಲ್ಲಿ ಒಡೆದುಹಾಕುತ್ತದೆ. ಕಿಣ್ವವಿಲ್ಲದವರಿಗೆ ಎಚ್ಚರವಾದರೂ ಕೈಕಾಲು ಆಡುವುದಿಲ್ಲ, ಎದೆ ಏಳುವುದಿಲ್ಲ. ಗಂಟೆಗಟ್ಟಲೆ ಯಂತ್ರದಿಂದಲೇ ಉಸಿರಾಡಿಸಬೇಕಾಗುತ್ತದೆ.

ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದ ಭೂಪತಿ, ಮನೋಹರನ್ ಮತ್ತು ಅಮೆರಿಕದ ಒಕ್ಸಾನಾ ಲಾಕ್‌ರಿಡ್ಜ್ ಮೊದಲಾದವರು 2006ರಲ್ಲಿ ವೈಶ್ಯರಲ್ಲಿನ ಈ ಕೊರತೆಯ ಮೂಲವನ್ನು ಪ್ರಕಟಿಸಿದರು. ಕಿಣ್ವದ 574 ಅಮೈನೋ ಆಮ್ಲಗಳ ಸರದಲ್ಲಿ 307ನೆಯ ಜಾಗದಲ್ಲಿ ಲ್ಯೂಸಿನ್ ಬದಲು ಪ್ರೋಲಿನ್ ಕೂತಿದೆ. ಅದಕ್ಕೆ ಕಾರಣ ಜೀನಿನಲ್ಲಿ ಒಂದು ಟಿ ಇದ್ದ ಕಡೆ ಸಿ ಬಂದದ್ದು, ಅಷ್ಟೇ. ಮೂರಕ್ಷರದ ಆ ಪದದಲ್ಲಿ ಕೊನೆಯ ಅಕ್ಷರ ಬದಲಾಗಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ, ಬದಲಾದದ್ದು ನಡುವಿನದು. ಪ್ರೋಲಿನ್ ಉಂಗುರದಾಕಾರದ್ದು, ಬೇಕಾದ ಹಾಗೆ ತಿರುಗುವುದಿಲ್ಲ. ಪ್ರೋಟೀನಿನ ಬೆನ್ನೆಲುಬು ಯಾವ ಯಾವ ಕೋನಗಳಲ್ಲಿ ತಿರುಗಬಲ್ಲದೆಂದು 1963ರಲ್ಲಿ ಮದರಾಸಿನಲ್ಲಿ ನಕ್ಷೆ ಹಾಕಿಕೊಟ್ಟವರು ಜಿ. ಎನ್. ರಾಮಚಂದ್ರನ್. ಆ ನಕ್ಷೆಯಲ್ಲಿ ಪ್ರೋಲಿನ್‌ಗೆ ಸಿಗುವ ಜಾಗ ತೀರ ಇಕ್ಕಟ್ಟು. ಹಾಗಾಗಿ ಕಿಣ್ವದ ಸರ ಸರಿಯಾಗಿ ಮಡಚಿಕೊಳ್ಳುವುದಿಲ್ಲ.

ಇನ್ನು ನನ್ನ ತಕರಾರಿಗೆ ಬರುತ್ತೇನೆ. ಬೇರೆ ದೇಶಗಳಲ್ಲಿ ಲಕ್ಷಕ್ಕೆ ಒಬ್ಬರಲ್ಲಿ ಕಾಣುವ ಈ ಕೊರತೆ ಆ ಅಧ್ಯಯನದ ವೈಶ್ಯರಲ್ಲಿ 100ಕ್ಕೆ ಸುಮಾರು 4 ಮಂದಿಯಲ್ಲಿತ್ತು. ಏಕೆ? ನಮ್ಮಲ್ಲಿ ಸಿದ್ಧವಾಗಿರುವ ಉತ್ತರ: "ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ತಂದುಕೊಳ್ಳುತ್ತಾರಲ್ಲ, ಅದಕ್ಕೆ." ನಮ್ಮ ಮೇಷ್ಟ್ರೂ ಸೋದರಿಕೆಯನ್ನು ಕಟುವಾಗಿ ವಿರೋಧಿಸುತ್ತಿದ್ದರು, ಬೇರೆ ಕಾಯಿಲೆಗಳ ಮಟ್ಟಿಗೆ ಅವರ ಮಾತು ಸರಿಯೇ. ಈ ಕೊರತೆಗೆ ಮಾತ್ರ ಆ ಉತ್ತರ ಸಲ್ಲದು. ಅವರು ಕಲಿಸಿದ ಲೆಕ್ಕದಿಂದಲೇ ತೋರಿಸುತ್ತೇನೆ.

ಪ್ರತಿಯೊಬ್ಬರಲ್ಲೂ ಈ ಜೀನಿನ ಎರಡು ಪ್ರತಿಗಳಿರುತ್ತವೆ, ಎರಡೂ ಕೆಟ್ಟಿದ್ದರೆ ಮಾತ್ರ ಈ ಕೊರತೆ. 100ಕ್ಕೆ 4 ಮಂದಿಗೆ ಕೊರತೆಯಿದ್ದರೆ, ಆ ಸಮುದಾಯದಲ್ಲಿರುವ ಜೀನಿನ ಪ್ರತಿಗಳಲ್ಲಿ 5ಕ್ಕೆ ಒಂದು ಕೆಟ್ಟದ್ದು. ಅಂದರೆ 100ರಲ್ಲಿ 32 ಮಂದಿ ಒಂದು ಕೆಟ್ಟ ಪ್ರತಿಯನ್ನು ಹೊತ್ತು ಆರೋಗ್ಯವಾಗಿಯೇ ಇರುತ್ತಾರೆ. ಸಮುದಾಯದೊಳಗೆ ದೂರದವರನ್ನೇ ಮದುವೆಯಾದರೂ 100 ಮಕ್ಕಳಲ್ಲಿ 4ಕ್ಕೆ ಕೊರತೆ ಬರುತ್ತದೆ. ಸೋದರಮಾವನ ಮಗಳಾದರೆ 5. ಅಕ್ಕನ ಮಗಳಾದರೆ 6. ಲಕ್ಷಕ್ಕೊಬ್ಬರಲ್ಲಿ ಕಾಣುವ ಅಪರೂಪದ ಕಾಯಿಲೆಯಲ್ಲಿ ಚಿತ್ರವೇ ಬೇರೆ: ಅಲ್ಲಿ ಸೋದರಮಾವನ ಮಗಳ ಸಂಬಂಧ ಗಂಡಾಂತರವನ್ನು ಸುಮಾರು 20 ಪಟ್ಟು ಏರಿಸುತ್ತದೆ. ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ದೊಡ್ಡ ತಪ್ಪು, ಅದನ್ನು ತಜ್ಞರೇ ಮಾಡುತ್ತಿದ್ದಾರೆ.

ಇನ್ನೊಂದು ಸಾಕ್ಷಿ ನಮ್ಮ ಊರಿನದೇ. 1980ರ ದಶಕದಲ್ಲಿ ಎನ್. ಅಪ್ಪಾಜಿ ರಾವ್, ರಾಧಾ ರಮಾದೇವಿ, ಬಿಟಲ್ಸ್ ಬೆಂಗಳೂರು, ಮೈಸೂರುಗಳಲ್ಲಿ ಲಕ್ಷಕ್ಕೂ ಹೆಚ್ಚು ಹಸುಗೂಸುಗಳ ವಿವರ ಕಲೆಹಾಕಿದರು. ಸುಮಾರು ಮೂರರಲ್ಲಿ ಒಂದು ಮದುವೆ ಸೋದರಿಕೆಯದು, ಅದೂ ಹಲವಾರು ಜಾತಿಗಳಲ್ಲಿ. ಸೋದರಿಕೆಯೇ ಕಾರಣವಾಗಿದ್ದರೆ ಆ ಜಾತಿಗಳವರನ್ನೆಲ್ಲ ಅರಿವಳಿಕೆ ವೈದ್ಯರು ಇದೇ ಪ್ರಶ್ನೆ ಕೇಳಬೇಕಿತ್ತು.

ನಿಜವಾದ ಕಾರಣ ಬಹಳ ಹಳೆಯದು. 2009ರಲ್ಲಿ ಡೇವಿಡ್ ರೈಖ್, ತಂಗರಾಜ್, ಲಾಲ್ಜಿ ಸಿಂಗ್ ಮೊದಲಾದವರು ನೇಚರ್ ಪತ್ರಿಕೆಯಲ್ಲಿ ತೋರಿಸಿದಂತೆ, ವೈಶ್ಯರ ಪೂರ್ವಿಕರು ನೂರಕ್ಕೂ ಹೆಚ್ಚು ತಲೆಮಾರುಗಳ ಹಿಂದೆ ಒಂದು ಸಣ್ಣ ಗುಂಪು. ಆಮೇಲೆ ಹೊರಗಿನ ಸಂಬಂಧ ಅತಿ ವಿರಳ. ಆ ಸಣ್ಣ ಗುಂಪಿನಲ್ಲಿ ಯಾರೋ ಒಬ್ಬರಲ್ಲಿದ್ದ ಕೆಟ್ಟ ಪ್ರತಿ ಅವರ ಸಂತತಿಯ ಜೊತೆಗೇ ಬೆಳೆದಿರಬೇಕು. 102 ಗೋತ್ರಗಳನ್ನು ಎಷ್ಟೇ ಕಟ್ಟುನಿಟ್ಟಾಗಿ ಪಾಲಿಸಿದರೂ ಇದು ತಪ್ಪುವುದಿಲ್ಲ, ಏಕೆಂದರೆ ಗೋತ್ರ ಬೇರೆಯಾದರೂ ಬೇಲಿ ಒಂದೇ. ಆ ಪ್ರತಿಗೆ ಏನೋ ಅನುಕೂಲವಿದ್ದುದರಿಂದಲೇ ಉಳಿಯಿತೆಂಬ ವಾದಕ್ಕೆ ಆಧಾರ ಬೇಕಿಲ್ಲವೇ? ಕಿಣ್ವವಿಲ್ಲದವರೂ ಗಟ್ಟಿಮುಟ್ಟಾಗಿ ಬಾಳುತ್ತಾರೆ. ಸಕ್ಸಿನೈಲ್‌ಕೋಲಿನ್ ಚಿಕಿತ್ಸೆಗೆ ಬಂದದ್ದೇ 1951ರಲ್ಲಿ. ಅದಕ್ಕೆ ಮುಂಚೆ ಈ ಅಕ್ಷರದಿಂದ ಯಾರಿಗೂ ಕೇಡಾಗುತ್ತಿರಲಿಲ್ಲ, ಹಾಗಾಗಿ ಅದು ಅಳಿಯಲೂ ಕಾರಣವಿರಲಿಲ್ಲ.

ಆದ್ದರಿಂದ ವೈಶ್ಯ ಕುಟುಂಬಗಳಿಗೆ ಮದುವೆಯ ಬಗ್ಗೆ ಉಪದೇಶ ಮಾಡಿ ಈ ತೊಂದರೆ ತಪ್ಪಿಸಲಾಗದು. ಆಪರೇಷನ್ನಿಗೆ ಮುಂಚೆ ರಕ್ತದಲ್ಲಿ ಕೋಲಿನೆಸ್ಟರೇಸ್ ಅಳೆದರೆ ಸಾಕು. ಕ್ರಿಮಿನಾಶಕ ಕುಡಿದವರಿಗೆ ಮಾಡುವ ಪರೀಕ್ಷೆಯೇ ಅದು. ಕೊರತೆ ಕಂಡರೆ ಅಟ್ರಾಕ್ಯೂರಿಯಂ, ರೊಕುರೋನಿಯಂನಂಥ ಬೇರೆ ಔಷಧಗಳಿವೆ. ಮನೆಯಲ್ಲಿ ಒಬ್ಬರಿಗೆ ಹೀಗಾಗಿದ್ದರೆ ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರಿಗೂ ಕನಿಷ್ಠ ನಾಲ್ಕರಲ್ಲಿ ಒಂದರಷ್ಟು ಸಂಭವವಿದೆ, ಅವರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ವರದಿಯ ಒಂದು ಪ್ರತಿ ಆಸ್ಪತ್ರೆಯ ಫೈಲಿನಲ್ಲಿ, ಇನ್ನೊಂದು ಮನೆಯಲ್ಲಿರಲಿ. ಅಂಥವರು ಮುಂದೆಂದಾದರೂ ಪ್ರಜ್ಞೆತಪ್ಪಿ ತುರ್ತು ಚಿಕಿತ್ಸೆಗೆ ಬಂದಾಗ ಕೋಲಿನೆಸ್ಟರೇಸ್‌ನ ಕಡಿಮೆ ಅಂಕಿಯನ್ನಷ್ಟೇ ನೋಡಿದ ವೈದ್ಯರು ವಿಷ ಕುಡಿದಿದ್ದಾರೆಂದು ಬಗೆದು ತಪ್ಪು ಚಿಕಿತ್ಸೆಗೆ ಕೈಹಾಕಬಾರದು.