ಬಡ ರೈತನ ಅನ್ನವೂ ರಾಗಿಯ ಬೀಜವೂ



ಮಠದ ದಾಸೋಹದ ಮನೆಯಲ್ಲಿ ಒಲೆಯನ್ನೇರುವ ಹಂಡೆಗೆ ರಾಗಿ ಎಲ್ಲಿಂದ ಬರುವುದೆಂಬುದು ತಮಗೆಲ್ಲರಿಗೂ ವಿದಿತವಾದ ವಿಷಯವೇ ಆಗಿದೆ. ಬಡವನಹಳ್ಳಿಯ ಸುತ್ತಣ ಕೆಮ್ಮಣ್ಣಿನ ಹೊಲಗಳಲ್ಲಿ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಗಳ ಮಳೆಯಾಶ್ರಯದ ನೆಲದಲ್ಲಿ, ಎರಡು ಮೂರು ಎಕರೆ ಹೊಲವುಳ್ಳ ರೈತನು ತನ್ನ ಕಣದಿಂದ ಎತ್ತಿಟ್ಟುದೇ ಇಲ್ಲಿಯ ಅನ್ನ. ಆ ರೈತನ ಮನೆಯಲ್ಲಿಯೇ ಯುಗಾದಿಯ ತರುವಾಯ ರಾಗಿ ಉಳಿಯುವುದೋ ಇಲ್ಲವೋ ಎಂಬ ಪ್ರಶ್ನೆಯೇ ಈ ಹೊತ್ತಿನ ವಿಷಯವು. ಅದಕ್ಕೆ ಉತ್ತರವು ಬಹುಮಟ್ಟಿಗೆ ಬೀಜದಲ್ಲಿದೆ. ಬೀಜದಲ್ಲಿ ಮಾತ್ರವಲ್ಲ, ಮಳೆಯು ಯಾವ ದಿನ ಬಂದರೆ ಯಾವ ಬೀಜವನ್ನು ಬಿತ್ತಬೇಕೆಂಬ ವಿವೇಕದಲ್ಲಿದೆ.

ರಾಗಿ ಕೈಕೊಟ್ಟರೆ ಏನಾಗುವುದೆಂಬುದನ್ನು ಈ ನಾಡು ಒಮ್ಮೆ ಕಂಡಿದೆ. 1876ರಿಂದ 1878ರ ಪರ್ಯಂತ ನಡೆದ ಧಾತು-ಈಶ್ವರ ಸಂವತ್ಸರಗಳ ಮಹಾಕ್ಷಾಮದ ಕಥೆಯನ್ನು ಹಿರಿಯರು ಮಕ್ಕಳಿಗೆ ಹೇಳುತ್ತಲೇ ಬಂದಿದ್ದಾರೆ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆಯು 50 ಲಕ್ಷಕ್ಕೆ ಮಿಕ್ಕಿದ್ದಿತು. 1881ರಲ್ಲಿ ಅದು ಸುಮಾರು 42 ಲಕ್ಷಕ್ಕೆ ಇಳಿದಿದ್ದಿತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಜನರು ಎಂಟು ಲಕ್ಷಕ್ಕಿಂತಲೂ ಹೆಚ್ಚಾಗಿ ಕಡಮೆಯಾದರು.

ಬಡವರ ಹಸಿವಿಗೆ ಒಂದೊಂದು ನಾಡಿನಲ್ಲಿ ಒಂದೊಂದು ಬೆಳೆಯು ಒದಗಿದೆ. ತಿರುವಾಂಕೂರಿನಲ್ಲಿ ವಿಶಾಖಂ ತಿರುನಾಳ್ ಮಹಾರಾಜರು 1880ರಿಂದ 1885ರವರೆಗಿನ ತಮ್ಮ ಆಳ್ವಿಕೆಯಲ್ಲಿ ಮರಗೆಣಸಿನ ಬೇಸಾಯಕ್ಕೆ ಪ್ರೋತ್ಸಾಹವಿತ್ತರು. 1942ರಲ್ಲಿ ಯುದ್ಧದ ನಿಮಿತ್ತ ಬರ್ಮಾದ ಅಕ್ಕಿ ನಿಂತುಹೋದಾಗ ಅಲ್ಲಿಯ ಬಡಜನರನ್ನು ಆ ಗೆಡ್ಡೆಯೇ ಕಾಪಾಡಿತು. 1963ರಲ್ಲಿ ತಿರುವನಂತಪುರದಲ್ಲಿ ಗೆಡ್ಡೆಗೆಣಸುಗಳಿಗೆಂದೇ ಕೇಂದ್ರ ಸಂಶೋಧನಾಲಯವೂ ಸ್ಥಾಪಿತವಾಯಿತು. ಅದೆಲ್ಲವೂ ಸ್ತುತ್ಯವೇ. ಆದರೆ ಮರಗೆಣಸು ಹೊಲದಲ್ಲಿ ಎಂಟು ಹತ್ತು ತಿಂಗಳು ನಿಲ್ಲುವ ಬೆಳೆ. ಕಿತ್ತ ಗೆಡ್ಡೆಯು ಎರಡು ಮೂರು ದಿನಗಳಲ್ಲಿಯೇ ಕೆಡಲಾರಂಭಿಸುವುದು. ರಾಗಿಯಾದರೋ ನಾಲ್ಕು ತಿಂಗಳೊಳಗೆ ಕಣಕ್ಕೆ ಬಂದು, ಹಗೇವಿನಲ್ಲಿಟ್ಟರೆ ಹಲವು ವರ್ಷ ಹುಳು ಹಿಡಿಯದೆ ಉಳಿಯತಕ್ಕ ಧಾನ್ಯವು. ಕನಕದಾಸರ ರಾಮಧಾನ್ಯಚರಿತ್ರೆಯಲ್ಲಿ ಅಕ್ಕಿಯನ್ನೂ ರಾಗಿಯನ್ನೂ ಆರು ತಿಂಗಳು ಸೆರೆಯಲ್ಲಿಟ್ಟಾಗ ರಾಗಿಯೇ ಕಳೆಗುಂದದೆ ಹೊರಬಂದಿತೆಂಬುದು ಕವಿಕಲ್ಪನೆಯಾದರೂ ಅದರ ಹಿಂದೆ ಒಕ್ಕಲುಮಗನ ಅನುಭವವಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿರುವುದೆಂದು ಆಹಾರಶಾಸ್ತ್ರಜ್ಞರು ಅಳೆದು ಹೇಳಿದ್ದಾರೆ. ಅಕ್ಕಿಯಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ.

ಇಂತಹ ಧಾನ್ಯವನ್ನು ಉತ್ತಮಗೊಳಿಸುವ ಕಾರ್ಯವು ಈ ನಾಡಿನಲ್ಲಿ ಶತಮಾನಕ್ಕಿಂತ ಹಿಂದೆಯೇ ಆರಂಭವಾಯಿತು. ಕೆನಡಾ ದೇಶದಿಂದ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ನರು ಕೃಷಿ ಇಲಾಖೆಯ ಮುಖ್ಯಸ್ಥರಾಗಿ ಹೆಬ್ಬಾಳದ ಕ್ಷೇತ್ರದಲ್ಲಿ ರಾಗಿಯ ತಳಿಗಳನ್ನು ಆಯ್ದು ಬೆಳೆಸುವ ಕೆಲಸಕ್ಕೆ ನೆಲೆ ಹಾಕಿಕೊಟ್ಟರು. ತರುವಾಯ ಆ ಕಾರ್ಯಕ್ಕೆ ಬಾಳನ್ನೇ ಒಪ್ಪಿಸಿದವರು ಮಂಡ್ಯದ ವಿಶ್ವೇಶ್ವರಯ್ಯ ಕಾಲುವೆ ಕ್ಷೇತ್ರದಲ್ಲಿದ್ದ ಸಿ. ಎಚ್. ಲಕ್ಷ್ಮಣಯ್ಯನವರು, ಜನರು ಅವರನ್ನು ರಾಗಿ ಲಕ್ಷ್ಮಣಯ್ಯನವರೆಂದೇ ಕರೆದರು. ರಾಗಿಯ ಹೂವು ಬರಿಗಣ್ಣಿಗೆ ಕಾಣುವುದೇ ದುಸ್ತರವಾದಷ್ಟು ಚಿಕ್ಕದು. ಅದು ತನ್ನ ಪರಾಗದಿಂದಲೇ ತಾನು ಕಾಳುಕಟ್ಟತಕ್ಕದ್ದು. ಒಂದು ತಳಿಯನ್ನು ಮತ್ತೊಂದರೊಡನೆ ಕೂಡಿಸುವುದು ಎಷ್ಟು ತಾಳ್ಮೆಯ ಕೆಲಸವೆಂಬುದನ್ನು ಇದರಿಂದಲೇ ಊಹಿಸಬಹುದು. ಅವರು ಅರುಣಾ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬ ತಳಿಗಳನ್ನು ಮೊದಲು ನೀಡಿ, ಅನಂತರ ರಾಗಿಯ ಮೂಲನೆಲೆಯಾದ ಆಫ್ರಿಕದ ತಳಿಗಳನ್ನು ಈ ನೆಲಕ್ಕೆ ಒಗ್ಗಿದ ತಳಿಗಳೊಡನೆ ಕೂಡಿಸಿ, 1970ರ ದಶಕದಿಂದ ಇಂಡಾಫ್ ಎಂಬ ತಳಿಗಳ ಸಾಲನ್ನೇ ರೈತರ ಕೈಗಿತ್ತರು. ಇಂಡಿಯಾ, ಆಫ್ರಿಕ ಎಂಬೆರಡು ಹೆಸರುಗಳ ಕೂಡಿಕೆಯೇ ಇಂಡಾಫ್. ಅನ್ನಪೂರ್ಣೆಯೆಂಬ ಹೆಸರು ಹಳ್ಳಿಯ ಮುದುಕಿಯ ಬಾಯಲ್ಲಿಯೂ ನಿಲ್ಲುವುದು. ಈಚೆಗೆ ಬಂದವುಗಳಿಗೆ ಇಂಗ್ಲಿಷಿನ ಅಕ್ಷರವನ್ನೂ ಅಂಕೆಯನ್ನೂ ಹೆಸರಾಗಿಟ್ಟಿರುವುದು ವಿದ್ವಾಂಸರಿಗೆ ಅನುಕೂಲವೇ ಹೊರತು ರೈತನಿಗಲ್ಲ.

ಹೀಗೆ ಅಂಕೆಯ ಹೆಸರು ಹೊತ್ತು ಬಂದುದೇ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಆವರಣದಿಂದ 1996ರಲ್ಲಿ ಹೊರಬಿದ್ದ ಜಿ.ಪಿ.ಯು. 28. ಇದರ ವಂಶದಲ್ಲಿ ಇಂಡಾಫ್ 5, ಇಂಡಾಫ್ 9 ಇವೆರಡೂ ಸೇರಿವೆ. ರಾಗಿಗೆ ಬರುವ ಬೆಂಕಿರೋಗವನ್ನು ತಾವು ಬಲ್ಲಿರಿ: ಎಲೆಯ ಮೇಲೆ ಕದಿರಿನಾಕಾರದ ಮಚ್ಚೆಯಾಗಿ ತೋರಿ, ತೆನೆಯ ಕುತ್ತಿಗೆಗೆ ತಗುಲಿತೆಂದರೆ ಮೇಲಿನದೆಲ್ಲ ಜೊಳ್ಳು. ಆ ರೋಗವನ್ನು ತಡೆದು ನಿಂತಿತೆಂಬ ಕಾರಣದಿಂದಲೇ ಜಿ.ಪಿ.ಯು. 28 ಕರ್ನಾಟಕದ ರಾಗಿಹೊಲಗಳ ಬಹುಭಾಗವನ್ನು ವ್ಯಾಪಿಸಿತು. ಔಷಧ ಸಿಂಪಡಿಸಲು ಹಣವಿಲ್ಲದ ರೈತನಿಗೆ ಇದರಿಂದಾದ ಉಪಕಾರವು ಸಾಮಾನ್ಯವಲ್ಲ.

ಆದರೆ ಇಲ್ಲಿಯೇ ಒಂದು ಎಚ್ಚರಿಕೆಯ ಮಾತು ಅಗತ್ಯವಾಗಿದೆ. ಒಳ್ಳೆಯ ಬೀಜವೆಂದರೆ ಎಲ್ಲ ಕಾಲಕ್ಕೂ ಒಳ್ಳೆಯದೆಂದು ತಿಳಿದು, ಮಳೆ ಯಾವಾಗ ಬಂದರೂ ಮನೆಯಲ್ಲಿದ್ದ ಒಂದೇ ಬೀಜವನ್ನು ಕೂರಿಗೆಗೆ ಹಾಕುವ ರೂಢಿಯು ಹಳ್ಳಿಗಳಲ್ಲಿ ಬೇರೂರಿದೆ. ರಾಗಿಯ ತಳಿಗಳಲ್ಲಿ ಮೂರು ವರ್ಗಗಳುಂಟು. ಎಂ.ಆರ್. 1, ಎಂ.ಆರ್. 6, ಎಲ್. 5 ಮೊದಲಾದವು 120 ದಿನಗಳನ್ನೂ ಮೀರಿ ನಿಲ್ಲುವ ದೀರ್ಘಕಾಲದವು. ಇವಕ್ಕೆ ಆರಿದ್ರೆ, ಪುನರ್ವಸು ಮಳೆಗಳೇ ತಕ್ಕವು. ಜಿ.ಪಿ.ಯು. 28ಕ್ಕೂ, ಮುದ್ದೆಗೂ ಹುಲ್ಲಿಗೂ ಹೆಸರಾದ ಎಂ.ಎಲ್. 365ಕ್ಕೂ ಸುಮಾರು 105ರಿಂದ 115 ದಿನಗಳು ಬೇಕು. ಇವು ಪುಷ್ಯ, ಆಶ್ಲೇಷ ಮಳೆಗಳಿಗೆ ಹೊಂದುವುವು. ಮಖೆ, ಹುಬ್ಬೆಗಳ ತನಕ ಮಳೆ ಕಾಯಿಸಿದರೆ 95ರಿಂದ 100 ದಿನಗಳಲ್ಲಿ ಬರುವ ಜಿ.ಪಿ.ಯು. 48, ಇಂಡಾಫ್ 9 ಇಂತಹವೇ ಗತಿ.

ಇದರ ಲೆಕ್ಕವು ಪಂಚಾಂಗದ ಲೆಕ್ಕದಷ್ಟೇ ಸರಳವಾದುದು. ತೆನೆ ಒಡೆದ ಮೇಲೆ ಕಾಳು ಬಲಿಯುವುದಕ್ಕೆ 35ರಿಂದ 40 ದಿನಗಳು ಬೇಕು. ಆ ದಿನಗಳಲ್ಲಿ ನೆಲದಲ್ಲಿ ತೇವವಿರಲೇಬೇಕು. ಈ ಸೀಮೆಯ ಮಳೆಯು ಮುಖ್ಯವಾಗಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳದು. ಆಗಸ್ಟ್ 20ರ ಸುಮಾರಿಗೆ, ಎಂದರೆ ಮಖೆಯಲ್ಲಿ, 125 ದಿನದ ಬೀಜವನ್ನು ಬಿತ್ತಿದರೆ ತೆನೆ ಒಡೆಯುವಾಗ ನವೆಂಬರ್ 10 ಕಳೆಯುವುದು. ಸ್ವಾತಿಯೂ ಮುಗಿದು, ಕಾಳು ಬಲಿಯಬೇಕಾದ ದಿನಗಳಲ್ಲಿ ನೆಲ ಒಣಗಿರುವುದು. ಅದೇ ದಿನ ನೂರು ದಿನದೊಳಗಿನ ಬೀಜವನ್ನು ಬಿತ್ತಿದವನ ಹೊಲವು ಅಕ್ಟೋಬರ್ 20ರ ಹೊತ್ತಿಗೆ, ಚಿತ್ತೆಯ ಹನಿಯಲ್ಲಿಯೇ ತೆನೆ ತೋರುವುದು. ಹೊಲ ಒಂದೇ, ಮಳೆ ಒಂದೇ, ದುಡಿಮೆಯೂ ಒಂದೇ. ಒಬ್ಬನಿಗೆ ರಾಗಿ, ಇನ್ನೊಬ್ಬನಿಗೆ ಬರಿಯ ಹುಲ್ಲು. ಮಳೆ ಬೇಗ ಬಂದ ವರ್ಷದಲ್ಲಿ ಗಿಡ್ಡ ಅವಧಿಯ ಬೀಜವನ್ನು ಬಿತ್ತಿದವನಿಗೂ ನಷ್ಟವೇ: ಬೆಳೆ ಬೇಗ ಬಲಿತು, ಹಿಂಗಾರಿನ ಜಡಿಮಳೆಯಲ್ಲಿ ತೆನೆಯು ಹೊಲದಲ್ಲಿಯೇ ಮೊಳೆಯುವ ಭಯವುಂಟು.

ಒಂದೇ ತಳಿಯು ಎಲ್ಲೆಡೆಯೂ ವ್ಯಾಪಿಸುವುದರಲ್ಲಿ ಮತ್ತೊಂದು ಅಪಾಯವಿದೆ. ರೋಗದ ಬೀಜಕಣವೂ ಕಾಲಕಾಲಕ್ಕೆ ರೂಪ ಬದಲಿಸುವುದು. ಇಂದು ಸೋತ ರೋಗವು ನಾಳೆ ಗೆಲ್ಲುವ ಪಕ್ಷದಲ್ಲಿ ಊರಿನ ಹೊಲಗಳೆಲ್ಲವೂ ಒಟ್ಟಿಗೆ ಬೀಳಬಾರದು. ಹಿರಿಯರು ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳುಗಳನ್ನು ಅಕ್ಕಡಿಯಾಗಿ ಬಿತ್ತುತ್ತಿದ್ದುದರ ವಿವೇಕವೂ ಇದೇ. ಅದನ್ನು ಬಿಟ್ಟು ಪಾವಗಡ, ಶಿರಾ ಕಡೆಗಳಲ್ಲಿ ಹೊಲದ ತುಂಬ ಕಡಲೆಕಾಯಿಯನ್ನೇ ಬಿತ್ತಿ, ಮಳೆ ಹೋದ ವರ್ಷ ತಿನ್ನುವ ಹಿಟ್ಟನ್ನೂ ಸಂತೆಯಲ್ಲಿ ಕೊಂಡ ಸಂಸಾರಗಳೆಷ್ಟೋ ಇವೆ. ಹಣದ ಬೆಳೆ ಬೇಡವೆಂದಲ್ಲ; ಉಣ್ಣುವಷ್ಟು ರಾಗಿಗೆ ನೆಲ ಬಿಟ್ಟು ಮಿಕ್ಕುದರಲ್ಲಿ ಅದು ಇರಲಿ.

ಬೀಜವನ್ನು ಕೊಳ್ಳಲು ಹಣವೆಲ್ಲಿಯದೆಂದು ಕೇಳುವವರುಂಟು. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಪ್ರಮಾಣಿತ ಬೀಜವು ಸಹಾಯಧನದಲ್ಲಿ ದೊರೆಯುತ್ತದೆ. ಸಾಲು ಬಿತ್ತನೆಯಾದರೆ ಎಕರೆಗೆ ನಾಲ್ಕೈದು ಕಿಲೋ ಸಾಕು. ತನ್ನ ಪರಾಗದಿಂದಲೇ ಕಾಳುಕಟ್ಟುವ ಬೆಳೆಯಾದುದರಿಂದ ಒಮ್ಮೆ ತಂದ ಬೀಜವನ್ನು ಮೂರು ನಾಲ್ಕು ವರ್ಷ ಮನೆಯಲ್ಲಿಯೇ ಉಳಿಸಿಕೊಳ್ಳಬಹುದು. ಕೊಯ್ಲಿಗೆ ಮೊದಲು ಹೊಲದ ಅಂಚನ್ನು ಬಿಟ್ಟು, ನಡುವಿನಲ್ಲಿ ರೋಗವಿಲ್ಲದ, ಒಂದೇ ಬಣ್ಣದ, ಒಂದೇ ಎತ್ತರದ ಗಿಡಗಳ ತೆನೆಗಳನ್ನು ಕೈಯಿಂದ ಆಯ್ದು, ಬೇರೆಯಾಗಿ ಬಡಿದು ಒಣಗಿಸಿಡಬೇಕು. ಈ ಆಯ್ಕೆಯಲ್ಲಿ ಹೆಂಗಸರ ಕಣ್ಣು ಗಂಡಸರದಕ್ಕಿಂತ ಸೂಕ್ಷ್ಮವೆಂಬುದು ಎಲ್ಲರೂ ಒಪ್ಪುವ ಮಾತು.

ತೊಡಕಿರುವುದು ಒಂದರಲ್ಲಿ ಮಾತ್ರ. ಮೂರು ಅವಧಿಯ ಬೀಜಗಳನ್ನೂ ಪ್ರತಿಯೊಬ್ಬ ಬಡವನೂ ತನ್ನ ಮನೆಯಲ್ಲಿ ಇಟ್ಟುಕೊಳ್ಳಲಾರನು. ಮಳೆ ತಡವಾದ ವಾರದಲ್ಲಿ ಗಿಡ್ಡ ಅವಧಿಯ ಬೀಜಕ್ಕಾಗಿ ಎಲ್ಲರೂ ಒಟ್ಟಿಗೆ ಓಡಿದರೆ ಅದು ಸಿಕ್ಕುವುದೂ ದುರ್ಲಭ. ಆದಕಾರಣ ಮಠದ ಹೊಲದಲ್ಲಿ ಒಂದೊಂದು ವರ್ಗದಿಂದ ಒಂದೊಂದು ತಳಿಯನ್ನು ಕಾಲು ಕಾಲು ಎಕರೆಯಲ್ಲಿ ಬೆಳೆಸಿ, ಬೀಜವನ್ನು ಬೇರೆ ಬೇರೆ ಚೀಲಗಳಲ್ಲಿ ಹೆಸರು ಬರೆದು ಇರಿಸುವುದಾದರೆ, ಅಗತ್ಯಬಿದ್ದ ಭಕ್ತರು ಐದು ಕಿಲೋ ಒಯ್ದು ಸುಗ್ಗಿಯಲ್ಲಿ ಆರು ಕಿಲೋ ತಂದೊಪ್ಪಿಸಬಹುದು. ಶ್ರೀಗಳವರು ಅಪ್ಪಣೆಯಿತ್ತಲ್ಲಿ, ಮಹೋತ್ಸವದ ಈ ವರ್ಷದ ಪುನರ್ವಸುವಿನಲ್ಲಿಯೇ ಮೊದಲ ಬಿತ್ತನೆಯಾಗಬಹುದು. ಕೂರಿಗೆಯನ್ನೂ ಎತ್ತುಗಳನ್ನೂ ಒದಗಿಸಲು ಈ ಸಭೆಯಲ್ಲಿರುವ ಒಕ್ಕಲುಮಕ್ಕಳು ಹಿಂಜರಿಯಲಾರರು.