ಬ್ಯಾಗ್ ಎಲ್ಲಿದೆ ಅಂತ ಗೊತ್ತು, ಆದ್ರೆ ಕೈಗೆ ಬರ್ತಿಲ್ಲ

ಈ ವಾರದ ವಿಷಯ ಸಿಕ್ಕಿದ್ದು ಕೇಳುಗರೊಬ್ಬರ ವಾಯ್ಸ್ ನೋಟ್‌ನಿಂದ. ಅವರ ಅಪ್ಪ-ಅಮ್ಮ ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮೇಲೆ ಅಮೆರಿಕಕ್ಕೆ ಹೊರಟಿದ್ರು. ಮಗಳು ತನ್ನ ಏರ್‌ಟ್ಯಾಗನ್ನ ಅವರ ಸೂಟ್‌ಕೇಸ್‌ನೊಳಗೆ ಹಾಕಿ ಕಳಿಸಿದ್ದಾರೆ. 'ಅವರು ಫ್ರಾಂಕ್‌ಫರ್ಟ್‌ನಲ್ಲಿ ಇಳಿದಾಯ್ತು, ಚುಕ್ಕೆ ಇನ್ನೂ ದೇವನಹಳ್ಳಿಯಲ್ಲೇ ಇದೆ. ಬ್ಯಾಗ್ ಬಿಟ್ಟು ಹೋದ್ರಾ?'

ಚುಕ್ಕೆಯ ಕೆಳಗೆ ಒಂದು ಸಮಯ ಬರೆದಿರತ್ತೆ ನೋಡಿ, ಮೊದಲು ಅದನ್ನ ಓದಬೇಕು. ಎಂಟು ಗಂಟೆ ಹಿಂದಿನದು ಅಂತಿದ್ರೆ, ಅದು ಬ್ಯಾಗ್ ಈಗ ಇರೋ ಜಾಗ ಅಲ್ಲ. ಎಂಟು ಗಂಟೆ ಹಿಂದೆ ಯಾರದೋ ಫೋನ್ ಅದನ್ನ ಕಂಡಿದ್ದ ಜಾಗ, ಅಷ್ಟೇ.

ಯಾಕಂದ್ರೆ ಏರ್‌ಟ್ಯಾಗ್‌ನಲ್ಲಿ ಜಿಪಿಎಸ್ ಇಲ್ಲ, ಸಿಮ್ಮೂ ಇಲ್ಲ. ಒಂದು ಬಟನ್ ಸೆಲ್, ಒಂದು ಬ್ಲೂಟೂತ್ ಚಿಪ್. ಅದು 'ನಾನಿಲ್ಲಿದೀನಿ' ಅಂತ ಸಣ್ಣ ದನಿಯಲ್ಲಿ ಕೂಗ್ತಾ ಇರತ್ತೆ. ಪಕ್ಕದಲ್ಲಿ ಹಾದುಹೋಗೋ ಯಾವುದಾದ್ರೂ ಐಫೋನ್ ಅದನ್ನ ಕೇಳಿಸ್ಕೊಂಡು, ತನ್ನ ಲೊಕೇಶನ್ ಸೇರಿಸಿ, ಇಂಟರ್ನೆಟ್ ಮೂಲಕ ನಿಮಗೆ ಮುಟ್ಟಿಸತ್ತೆ. ವಿಮಾನದ ಹೊಟ್ಟೆಯಲ್ಲಿ ಯಾರಿರ್ತಾರೆ? ಮೇಲೆ ಕೂತವರ ಫೋನೆಲ್ಲ ಫ್ಲೈಟ್ ಮೋಡ್‌ನಲ್ಲಿ. ಹಾಗಾಗಿ ಇಳಿಯೋವರೆಗೂ ಹಳೇ ಚುಕ್ಕೆಯೇ ಗತಿ.

ಇಳಿದ ಮೇಲೂ ತಕ್ಷಣ ಬದಲಾಗತ್ತೆ ಅನ್ನೋ ಗ್ಯಾರಂಟಿ ಇಲ್ಲ. ಏರ್‌ಪೋರ್ಟ್ ಅಂದ್ರೆ ಜನಜಂಗುಳಿ ಅಂತ ನಮ್ಮ ಲೆಕ್ಕ. ಆದ್ರೆ ಜನ ಇರೋದು ಪ್ರಯಾಣಿಕರ ಕಡೆ. ಬ್ಯಾಗ್‌ಗಳು ಓಡಾಡೋ ಕಡೆ ಬೆಲ್ಟು, ಟ್ರಾಲಿ, ಕೆಲವೇ ಕೆಲಸಗಾರರು. ಅವರ ಜೇಬಲ್ಲಿರೋದು ಆಂಡ್ರಾಯ್ಡ್ ಫೋನ್ ಆದ್ರೆ ಏರ್‌ಟ್ಯಾಗ್‌ಗೆ ಅದು ಇದ್ದೂ ಇಲ್ಲದ ಹಾಗೆ. ನಮ್ಮ ದೇಶದಲ್ಲಂತೂ ಬಹುಪಾಲು ಆಂಡ್ರಾಯ್ಡೇ.

ಹಾಗಾದ್ರೆ ಗೂಗಲ್ ನೆಟ್‌ವರ್ಕ್‌ನ ಟ್ಯಾಗ್ ತಗೊಂಡ್ರೆ? ಅಲ್ಲಿ ಬೇರೆ ತೊಡಕು. 2024ರಲ್ಲಿ ಶುರುವಾದ ಆ ನೆಟ್‌ವರ್ಕ್, ಪ್ರೈವಸಿಗಾಗಿ, ಸೆಟ್ಟಿಂಗ್ ಬದಲಾಯಿಸದ ಫೋನ್‌ಗಳಲ್ಲಿ ಜನ ಹೆಚ್ಚಿರೋ ಜಾಗದಲ್ಲಿ ಮಾತ್ರ ಕೆಲಸ ಮಾಡತ್ತೆ. ಒಂದಲ್ಲ, ಹಲವು ಫೋನ್ ಆ ಟ್ಯಾಗನ್ನ ಕಾಣಬೇಕು. ಉದ್ದೇಶ ಒಳ್ಳೇದೇ. ಆದ್ರೆ ಗೋಡೌನ್ ಮೂಲೆಯ ಸೂಟ್‌ಕೇಸ್‌ಗೆ ಅದರಿಂದ ಉಪಯೋಗ ಕಮ್ಮಿ. ಇನ್ನು ಸೂಟ್‌ಕೇಸ್ ಪೂರ್ತಿ ಅಲ್ಯೂಮಿನಿಯಂದಾದ್ರೆ ಸಿಗ್ನಲ್ ಹೊರಗೆ ಬರೋದೇ ಕಷ್ಟ.

ಆ ಮಗಳು ಯೋಚಿಸದ ಇನ್ನೊಂದಿದೆ. ಟ್ಯಾಗ್ ಅವರ ಹೆಸರಲ್ಲಿದೆ, ಪ್ರಯಾಣ ಮಾಡ್ತಿರೋದು ಅಮ್ಮ. 'ಅಪರಿಚಿತ ಟ್ಯಾಗ್ ನಿಮ್ಮ ಜೊತೆ ಬರ್ತಿದೆ' ಅಂತ ಅಮ್ಮನ ಫೋನ್ ಎಚ್ಚರಿಕೆ ಕೊಡಬಹುದು. ಮೊದಲೇ ಹೇಳಿಟ್ಟಿರಿ, ಪಾಪ ಗಾಬರಿಯಾಗ್ತಾರೆ.

ಬ್ಯಾಟರಿ ಬಗ್ಗೆ ತುಂಬ ಜನ ಕೇಳ್ತಾರೆ. 2022ರ ಅಕ್ಟೋಬರ್‌ನಲ್ಲಿ ಲುಫ್ತಾನ್ಸಾ ಇಂಥ ಟ್ಯಾಗ್ ಚೆಕ್-ಇನ್ ಬ್ಯಾಗ್‌ನಲ್ಲಿ ಬೇಡ ಅಂದು, ಕೆಲವೇ ದಿನದಲ್ಲಿ ಮಾತು ವಾಪಸ್ ತಗೊಂಡಿತು. ಆ ಸಣ್ಣ ಸೆಲ್‌ನಿಂದ ಅಪಾಯ ಇಲ್ಲ. ಪವರ್ ಬ್ಯಾಂಕ್ ಮಾತ್ರ ಚೆಕ್-ಇನ್‌ಗೆ ಹಾಕಲೇಬೇಡಿ.

ಈಗ ನನಗೆ ಮುಖ್ಯ ಅನ್ಸೋ ಮಾತು. ಚುಕ್ಕೆ ಸರಿಯಾಗೇ ತೋರಿಸ್ತು ಅಂತಿಟ್ಕೊಳ್ಳಿ. ಆಮೇಲೆ? 2023ರ ಜನವರಿಯಲ್ಲಿ ಅಮೆರಿಕದ ವಾಷಿಂಗ್ಟನ್‌ನ ಪ್ರಯಾಣಿಕರೊಬ್ಬರ ಕತೆ ಸುದ್ದಿಯಾಗಿತ್ತು. ಬ್ಯಾಗ್ ನಮ್ಮ ಡೆಲಿವರಿ ಸೆಂಟರ್‌ನಲ್ಲಿದೆ ಅಂತ ಏರ್‌ಲೈನ್. ಅವರ ಏರ್‌ಟ್ಯಾಗ್ ತೋರಿಸ್ತಿದ್ದಿದ್ದು ಯಾವುದೋ ಅಪಾರ್ಟ್‌ಮೆಂಟ್. ಸತ್ಯ ಕೈಯಲ್ಲಿದ್ರೂ ಬ್ಯಾಗ್ ಸಿಗೋಕೆ ದಿನಗಳೇ ಹಿಡಿದ್ವು. ನಿಮ್ಮ ಫೋನ್‌ನ ಮ್ಯಾಪ್ ನೋಡಿ ಟ್ರಾಲಿ ಎಳೆಯೋರು ಯಾರೂ ಇಲ್ಲ. ಅವರು ನೋಡೋದು ಬ್ಯಾಗ್‌ಗೆ ಅಂಟಿಸಿದ ಪಟ್ಟಿಯ ಹತ್ತಂಕಿಯ ನಂಬರ್. ಅದರ ಚೂರನ್ನ ಬೋರ್ಡಿಂಗ್ ಪಾಸ್ ಹಿಂದೆ ಅಂಟಿಸಿ ಕೊಡ್ತಾರಲ್ಲ, ನಾವು ಡಸ್ಟ್‌ಬಿನ್‌ಗೆ ಹಾಕೋದು, ಅದೇ. ಫೋಟೋ ತೆಗೆದಿಟ್ಕೊಳ್ಳಿ.

ಬ್ಯಾಗ್ ಬರಲಿಲ್ಲ ಅಂದ್ರೆ ಅರೈವಲ್ ಹಾಲ್ ಬಿಟ್ಟು ಹೊರಗೆ ಬರೋ ಮುಂಚೆ ಪಿಐಆರ್ ಬರೆಸಿ. ಪ್ರಾಪರ್ಟಿ ಇರ್‌ರೆಗ್ಯುಲಾರಿಟಿ ರಿಪೋರ್ಟ್ ಅಂತ. ಒಂದು ರೆಫರೆನ್ಸ್ ನಂಬರ್ ಸಿಗತ್ತೆ. ಐಒಎಸ್ 18.2 ಬಂದ ಮೇಲೆ, ಅಂದ್ರೆ 2024ರ ಡಿಸೆಂಬರ್‌ನಿಂದ, ಟ್ಯಾಗ್‌ನ ಲೊಕೇಶನ್ ಲಿಂಕನ್ನ ಏರ್‌ಲೈನ್‌ಗೇ ಕಳಿಸಬಹುದು. 2025ರಲ್ಲಿ ಏರ್ ಇಂಡಿಯಾ ಕೂಡ ಇದಕ್ಕೆ ಸೇರಿತು. ಆದ್ರೆ ಅಲ್ಲೂ ಪಿಐಆರ್ ಮೊದಲು, ಲಿಂಕ್ ಆಮೇಲೆ. ಆ ಲಿಂಕ್‌ನ ಆಯಸ್ಸು ಏಳು ದಿನ.

ಬಿಕಾಂ ಓದಿದವನು, ಲೆಕ್ಕ ಹೇಳದೆ ಬಿಡಲ್ಲ. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಪರಿಹಾರದ ಗರಿಷ್ಠ ಮಿತಿ 2024ರ ಡಿಸೆಂಬರ್ 28ರಿಂದ 1,519 ಎಸ್‌ಡಿಆರ್. ನಮ್ಮ ದುಡ್ಡಲ್ಲಿ ಹೆಚ್ಚುಕಮ್ಮಿ ಒಂದೂಮುಕ್ಕಾಲು ಲಕ್ಷ, ಅದೂ ಒಬ್ಬ ಪ್ರಯಾಣಿಕನಿಗೆ, ಒಂದೊಂದು ಬ್ಯಾಗ್‌ಗಲ್ಲ. ದೇಶದೊಳಗೆ ₹20,000. ಎರಡೂ ಮಿತಿಗಳು, ಸುಮ್ಮನೆ ಕೊಡೋ ಮೊತ್ತ ಅಲ್ಲ. ಒಳಗೆ ಏನಿತ್ತು, ಎಷ್ಟಾಗಿತ್ತು ಅಂತ ನೀವೇ ತೋರಿಸಬೇಕು. ಅದಕ್ಕೇ ಪ್ಯಾಕ್ ಮಾಡುವಾಗ ತೆರೆದ ಸೂಟ್‌ಕೇಸ್‌ನ ಒಂದು ಫೋಟೋ ತೆಗೀರಿ.

ಒಪ್ಪಂದದ ಗಡುವು ಹೀಗಿದೆ: ಹಾಳಾಗಿದ್ರೆ ಏಳು ದಿನದೊಳಗೆ ಲಿಖಿತ ದೂರು, ತಡವಾಗಿ ಬಂದ್ರೆ ಕೈಗೆ ಸಿಕ್ಕ 21 ದಿನದೊಳಗೆ. ಬರಬೇಕಿದ್ದ ದಿನದಿಂದ 21 ದಿನ ಕಳೆದ್ರೂ ಬರದಿದ್ರೆ ಕಳೆದುಹೋದ ಹಾಗೇ ಲೆಕ್ಕ, ಪರಿಹಾರ ಕೇಳಬಹುದು. ಚುಕ್ಕೆ ಆಗಲೂ ಯಾವುದೋ ಊರಲ್ಲಿ ಮಿನುಗ್ತಿರಬಹುದು, ಪರವಾಗಿಲ್ಲ. ಆಮೇಲೆ ಅಪ್ಪ-ಅಮ್ಮನ ಬಿಪಿ, ಶುಗರ್ ಮಾತ್ರೆ, ಡಾಕ್ಟರ್ ಚೀಟಿ ಕೈಚೀಲದಲ್ಲೇ ಇರಲಿ.